ಹಾಡಿಗೆ ಮೊದಲು ಕರೆಯುವ ಹೆಸರು

ತಳೇಗಾಂವ ದಾಭಾಡೆ
ರವಿವಾರ, 13 ಏಪ್ರಿಲ್ 2025

ಪ್ರೀತಿಯ ಗೆಳೆಯ ಹುಲಿಗೆಪ್ಪನಿಗೆ,

ಈಗ ಸಂಜೆ ಏಳು ಗಂಟೆ. ಬೆಳಿಗ್ಗೆ ನಳಕ್ಕೆ ನೀರು ಬಂದಿತ್ತು, ತುಂಬಿದೆ. ಕಂಪನಿಯ ಬಟ್ಟೆ ಒಗೆದು ಹಾಕಿದೆ. ಮಗಳು ಶಿವಾನಿ ಬದನೆಕಾಯಿ ಪಲ್ಯ ಮಾಡಿದ್ದಳು, ಉಪ್ಪು ಹೆಚ್ಚಾಗಿತ್ತು, ಇಬ್ಬರೂ ಹಾಗೇ ಉಂಡೆವು. ಮಧ್ಯಾಹ್ನ ಅವಳ ಜೊತೆ ರೈಲ್ವೆ ಸ್ಟೇಷನ್ನಿನ ಆಚೆ ಒಬ್ಬರ ಮನೆಗೆ ಹೋಗಿದ್ದೆ. ಐದರ ಹೊತ್ತಿಗೆ ತಿರುಗಿ ಬಂದೆ. ನನ್ನ ದಿನಚರಿಯಲ್ಲಿ ಆದರೆ ಇಷ್ಟು ಬರೆದು ಮುಚ್ಚುತ್ತಿದ್ದೆ. ಇವತ್ತು ಅಷ್ಟಕ್ಕೆ ಮುಚ್ಚಲು ಆಗಲಿಲ್ಲ, ಅದಕ್ಕೇ ನಿನಗೆ ಬರೆಯಲು ಕುಳಿತಿದ್ದೇನೆ.

ನಿನ್ನ ಪತ್ರ ಸಂಕ್ರಾಂತಿಗೆ ಬಂತು. ಇಷ್ಟು ತಡ ಮಾಡಿದ್ದಕ್ಕೆ ಬೈಯಬೇಡ. ಬರೆಯಲು ಕುಳಿತಾಗಲೆಲ್ಲ ‘ನಾವು ಇಲ್ಲಿ ಎಲ್ಲರೂ ಕ್ಷೇಮ’ ಎಂದು ಕೈ ತಾನಾಗಿಯೇ ಶುರು ಮಾಡುತ್ತಿತ್ತು. ‘ಎಲ್ಲರೂ’ ಎನ್ನುವಲ್ಲಿಗೆ ಪೆನ್ನು ನಿಲ್ಲುತ್ತಿತ್ತು. ಫೋನಿನಲ್ಲಿ ಟೈಪು ಮಾಡಿ ಕಳಿಸು ಎಂದು ಶಿವಾನಿ ಹೇಳುತ್ತಾಳೆ. ಅಷ್ಟು ಸಣ್ಣ ಗಾಜಿನ ಮೇಲೆ ನನ್ನ ಬೆರಳಿಗೆ ಮಾತು ಬರುವುದಿಲ್ಲ. ಮತ್ತೆ ನಿನಗೆ ಫೋನು ಮಾಡುವ ಹಾಗಿಲ್ಲವಲ್ಲ. ಕಲ್ಲಿನ ಗಣಿಯ ಸಿಡಿಮದ್ದು ನಿನ್ನ ಕಿವಿ ತೆಗೆದುಕೊಂಡು ಹೋದಾಗಿನಿಂದ ನಮ್ಮಿಬ್ಬರ ನಡುವೆ ಕಾಗದವೇ ಗತಿ. ಹೊಸ ಮಷಿನ್ ಕಿವಿಗೆ ಹಾಕಿಕೊಂಡರೆ ಬರೀ ಗುಂಯ್ ಅನ್ನುತ್ತದೆ, ಸೊಸೆ ಬೈದಳೋ ಕರೆದಳೋ ತಿಳಿಯುವುದಿಲ್ಲ ಎಂದು ನೀನು ಬರೆದಿದ್ದೆ. ತಿಳಿಯದಿದ್ದರೂ ನಷ್ಟವಿಲ್ಲ ಎಂದುಕೋ.

ನೀನು ಕೇಳಿದ್ದೆ, ‘ನಿನ್ನ ಹೆಂಡತಿ ಡಿಜೆ ಹಾಡು ಮಾಡಲಿಕ್ಕೆ ಕಲಿಯುತ್ತಿದ್ದಳಲ್ಲ, ಅದು ಎಲ್ಲಿಗೆ ಬಂತು’ ಎಂದು. ಅವಳು ಹೋಗಿ ಆರು ತಿಂಗಳಾದರೂ ಅದನ್ನು ಕೇಳಿದವನು ನೀನೊಬ್ಬನೇ. ಉಳಿದವರೆಲ್ಲ ಜ್ವರ ಹೇಗೆ ಬಂತು, ಎಷ್ಟು ದಿನ ಇತ್ತು, ಯಾವ ದವಾಖಾನೆ ಎಂದೇ ಕೇಳುತ್ತಾರೆ. ಅದಕ್ಕೆ ಮೊದಲಿನಿಂದ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಪುಣೆಯ ಸ್ವಾರಗೇಟದಿಂದ ಬಸ್ಸು ಹಿಡಿದು ಇಂದಾಪುರಕ್ಕೆ ನಮ್ಮ ನೆಂಟರೊಬ್ಬರ ಮದುವೆಗೆ ಹೋಗಿದ್ದೆವು. ಕಬ್ಬಿನ ಗದ್ದೆಗಳ ನಡುವೆ ವರಾತಿನ ಮೆರವಣಿಗೆ, ಟ್ರಾಕ್ಟರಿನ ಮೇಲೆ ಗೋಡೆಯಷ್ಟು ಎತ್ತರ ಸ್ಪೀಕರ್. ಬರುವಾಗ ದಾರಿಯುದ್ದಕ್ಕೂ ಅವಳು ಸುಮ್ಮನಿದ್ದಳು. ಮನೆಗೆ ಬಂದು ಕಾಲು ತೊಳೆಯುವ ಮೊದಲೇ ಶಿವಾನಿಯನ್ನು ಕೇಳಿದಳು, “ಆ ಹಾಡ ಯಾರ ಮಾಡ್ತಾರ?” ಶಿವಾನಿ, “ಯಾರ ಬೇಕಾದ್ರೂ ಮಾಡ್ಬಹುದವ್ವ, ಫೋನ್‌ನ್ಯಾಗೂ ಬರ್ತದ,” ಎಂದಳು. ಹುಡುಗಿ ಹಗುರವಾಗಿ ಹೇಳಿದ್ದು. ಇವಳು ಹಗುರವಾಗಿ ತೆಗೆದುಕೊಳ್ಳಲಿಲ್ಲ.

ಮೊದಲು ಫೋನಿನಲ್ಲಿ ಪುಕ್ಕಟೆ ಸಿಗುವ ಒಂದು ಆಟಿಗೆಯಂಥದ್ದು. ಚೌಕಗಳು ಇರುತ್ತವೆ, ಮುಟ್ಟಿದರೆ ಸದ್ದು. ಬಾಟಲಿಯ ಮುಚ್ಚಳ ಮಾಡುವ ಕಂಪನಿಯಲ್ಲಿ ಪ್ಯಾಕಿಂಗ್ ಮಾಡಿ ಬಂದು, ರೊಟ್ಟಿ ಬಡಿದು, ಪಾತ್ರೆ ತಿಕ್ಕಿ, ಆಮೇಲೆ ಗೋಡೆಗೆ ಒರಗಿ ಕುಳಿತು ಚೌಕ ಒತ್ತುತ್ತಿದ್ದಳು. ನಿನಗೆ ಕೇಳಿಸದ್ದನ್ನು ನಾನು ಹೇಗೆ ಹೇಳಲಿ? ಕೌದಿ ಹೊಲಿಯುವುದನ್ನು ನೆನಪು ಮಾಡಿಕೋ. ಒಂದು ಸಾಲಿನಲ್ಲಿ ಹದಿನಾರು ಮನೆ. ದೊಡ್ಡ ಪೆಟ್ಟು ಒಂದನೇ ಮನೆಗೆ, ಐದಕ್ಕೆ, ಒಂಬತ್ತಕ್ಕೆ, ಹದಿಮೂರಕ್ಕೆ. ಅದರ ಕೆಳಗಿನ ಸಾಲಿನಲ್ಲಿ ಚಪ್ಪಾಳೆ. ಅದರ ಕೆಳಗೆ ಗೆಜ್ಜೆಯಂಥ ಸಣ್ಣ ಸದ್ದು. ಸಾಲುಗಳು ಒಟ್ಟಿಗೆ ಓಡುತ್ತವೆ, ಮುಗಿದರೆ ಮತ್ತೆ ಮೊದಲಿನಿಂದ. ಹೊಲಿಗೆ ಹಾಕಿದ ಕಡೆ ಸದ್ದು, ಬಿಟ್ಟ ಕಡೆ ಇಲ್ಲ. ಕಲಿಯುವವರೆಲ್ಲ ಮಾಡುವ ತಪ್ಪನ್ನೇ ಅವಳೂ ಮಾಡಿದಳು: ಎಲ್ಲ ಮನೆಗೂ ಹೊಲಿಗೆ ಹಾಕಿದಳು, ಎಲ್ಲವನ್ನೂ ಜೋರು ಮಾಡಿದಳು. ಡಬ್ಬಿ ಹೊತ್ತ ಕತ್ತೆ ಮೆಟ್ಟಿಲು ಇಳಿದ ಹಾಗಿತ್ತು. ಅದೊಂದನ್ನು ನಾನು ಕೇಳಿದ್ದೇನೆ. ನಕ್ಕಿದ್ದೆ, ಅವಳೂ ನಕ್ಕಿದ್ದಳು.

ಆಮೇಲೆ ನನ್ನ ಅಣ್ಣನ ಮಗಳು ಕಾಲೇಜು ಮುಗಿಸಿದಾಗ ಅವಳ ಹಳೆಯ ಲ್ಯಾಪ್‌ಟಾಪು ನಮ್ಮ ಮನೆಗೆ ಬಂತು. ಅದಕ್ಕೆ ಶಿವಾನಿ ದೊಡ್ಡವರು ಬಳಸುವ ಪ್ರೋಗ್ರಾಮು ಇಳಿಸಿಕೊಟ್ಟಳು, ಅದೂ ಪುಕ್ಕಟೆಯದು. ಪುಕ್ಕಟೆಯದಕ್ಕೆ ಒಂದು ವಿಚಿತ್ರ ನಿಯಮ. ಹಾಡು ಮಾಡಬಹುದು, ಕಾದಿಡಬಹುದು, ಆದರೆ ಒಮ್ಮೆ ಮುಚ್ಚಿದರೆ ಮತ್ತೆ ತೆರೆಯಲು ಬಿಡುವುದಿಲ್ಲ. ತೆರೆಯಬೇಕಾದರೆ ಪ್ರೋಗ್ರಾಮು ಕೊಳ್ಳಬೇಕು. “ಟ್ರಂಕಿನ್ಯಾಗ ಇಟ್ಟು ಕೀಲಿ ಅವರ ಕೈಯಾಗ ಕೊಟ್ಟಾಂಗ,” ಎಂದು ಅವಳು ಹೇಳುತ್ತಿದ್ದಳು. ಅದಕ್ಕಾಗಿ ಲ್ಯಾಪ್‌ಟಾಪನ್ನು ಆರಿಸುತ್ತಲೇ ಇರಲಿಲ್ಲ. ಒಂದು ಹಾಡು ಮುಗಿಯುವವರೆಗೆ, ಅದು ಹದಿನೈದು ದಿನವಾದರೂ ಸರಿ, ಕೆಳಗೆ ಎರಡು ಇಟ್ಟಿಗೆ ಇಟ್ಟು ಉರಿಯಲು ಬಿಡುತ್ತಿದ್ದಳು. ಮೈ ಕಾಯ್ದ ಕೂಸಿನ ಹಾಗೆ ಆಗಾಗ ಮುಟ್ಟಿ ನೋಡುತ್ತಿದ್ದಳು. ಕರೆಂಟು ಹೋಗಿ ಬ್ಯಾಟರಿ ಮುಗಿದರೆ ಹಾಡು ಟ್ರಂಕಿನೊಳಗೆ.

ಅವಳು ಕಲಿಯುತ್ತಿದ್ದುದಕ್ಕೆ ನನಗೆ ಬೇಸರವಿರಲಿಲ್ಲ. ನಿಜವಾಗಿ ಇರಲಿಲ್ಲ. ಬೇಸರ ಶುರುವಾದದ್ದು ಶ್ರೀನಾಥ್ ಬಂದ ಮೇಲೆ.

ಶ್ರೀನಾಥ್ ಹಾಸನದ ಕಡೆಯವನು. ಮೂವತ್ತರ ಆಸುಪಾಸು. ಇಲ್ಲಿಯ ಕಾರ್ಖಾನೆಗಳ ಮಷಿನ್ನುಗಳಿಗೆ ಕಂಪ್ಯೂಟರಿನ ಕೆಲಸ ಮಾಡಿಕೊಡುವ ಆಫೀಸಿನಲ್ಲಿದ್ದಾನೆ. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಶಿವಾನಿಯ ಕಾಲೇಜಿನ ಹುಡುಗಿಯರ ಕುಣಿತವಿತ್ತು. ಅಲ್ಲಿ ಹಾಡು ಹಾಕುವ ಮೇಜಿನ ಹಿಂದೆ ಇವನಿದ್ದ. ಇವನೂ ಆಗತಾನೇ ಈ ಚಟ ಹಿಡಿಸಿಕೊಂಡಿದ್ದ, ಇವನಿಗೂ ಏನೂ ಬರುತ್ತಿರಲಿಲ್ಲ. ಆದರೆ ಪ್ರೋಗ್ರಾಮು ಕೊಂಡಿದ್ದ. ಇಬ್ಬರೂ ಮೇಜಿನ ಹಿಂದೆ ನಿಂತು ಮಾತಾಡಿದರು. ಮುಂದಿನ ರವಿವಾರ ಅವನು ತನ್ನ ಲ್ಯಾಪ್‌ಟಾಪು ಬಗಲಿಗೆ ಹಾಕಿಕೊಂಡು ನಮ್ಮ ಮನೆಗೆ ಬಂದ. ಆಮೇಲೆ ಪ್ರತಿ ರವಿವಾರ.

ಶನಿವಾರ ನನಗೆ ರಾತ್ರಿ ಪಾಳಿ ಇರುತ್ತಿತ್ತು. ರವಿವಾರ ಮಧ್ಯಾಹ್ನದವರೆಗೆ ಮಲಗುತ್ತಿದ್ದೆ. ನಮ್ಮದು ಒಂದೇ ಕೋಣೆ, ನಿನಗೆ ಗೊತ್ತು. ನನ್ನ ನಿದ್ದೆ ಕೆಡಬಾರದೆಂದು ಅವರಿಬ್ಬರೂ ಹೆಡ್‌ಫೋನು ಹಾಕಿಕೊಳ್ಳುತ್ತಿದ್ದರು. ಒಂದು ತೂತಿಗೆ ಎರಡು ಬಾಯಿಯ ವೈಯರು, ಎರಡು ಹೆಡ್‌ಫೋನು. ನಾನು ಕಣ್ಣು ತೆರೆದರೆ ಕಾಣುತ್ತಿದ್ದುದು ಇಷ್ಟು: ಬಾಗಿಲ ಬೆಳಕಿನಲ್ಲಿ ಇಬ್ಬರು ಕುಳಿತಿದ್ದಾರೆ, ನಡುವೆ ಒಂದು ಮೊಳ ಜಾಗ, ಇಬ್ಬರ ತಲೆಯೂ ಒಟ್ಟಿಗೆ ಆಡುತ್ತಿದೆ. ಫ್ಯಾನಿನ ಸದ್ದು ಬಿಟ್ಟರೆ ಮನೆಯಲ್ಲಿ ಏನೂ ಇಲ್ಲ. ಇಬ್ಬರೂ ಒಂದೇ ಕ್ಷಣಕ್ಕೆ ನಿಲ್ಲುತ್ತಾರೆ, ಒಂದೇ ಕ್ಷಣಕ್ಕೆ ನಗುತ್ತಾರೆ. ಅವನು ಬೆರಳು ಎತ್ತುತ್ತಾನೆ, ಇವಳು ಬೇಡವೆಂದು ತಲೆಯಾಡಿಸುತ್ತಾಳೆ. ನನ್ನ ಮನೆಯಲ್ಲಿ, ನನ್ನ ಹಾಸಿಗೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಏನೋ ದೊಡ್ಡದು ನಡೆಯುತ್ತಿತ್ತು, ನನಗೆ ಮಾತ್ರ ಕೇಳಿಸುತ್ತಿರಲಿಲ್ಲ. ಹುಲಿಗೆಪ್ಪಾ, ಆಗ ನಾನು ನಿನ್ನನ್ನು ಬಹಳ ನೆನೆಸಿದೆ.

ಪಕ್ಕದ ಮನೆಯ ಅಂಬಾಬಾಯಿ ಒಮ್ಮೆ ಬಾಗಿಲಲ್ಲಿ ನಿಂತು ನೋಡಿ, ನಾನು ಎದ್ದು ಹೊರಗೆ ಬಂದಾಗ ಅಂದಳು, “ಅವ್ವಣ್ಣಾ, ಆ ಹುಡುಗ ಡಾಕ್ಟರ ಏನೋ? ಇಬ್ಬರೂ ಕಿವ್ಯಾಗ ಹಾಕ್ಕೊಂಡು ಹೂಂ ಹೂಂ ಅಂತಾರ. ನಿನ್ನ ಹೇಣ್ತಿಗಿ ಏನರ ಆಗ್ಯಾದೇನು?”

“ಆಕಿಗಿ ಏನೂ ಆಗಿಲ್ಲ ಬೆ, ನನಗ ಆಗ್ಯಾದ,” ಎಂದೆ. ತಮಾಷೆಗೆ ಅಂದೆನೆಂದು ಅವಳು ನಕ್ಕಳು.

ನೀನು ಬೇರೆ ಏನೂ ಯೋಚಿಸಬೇಡ. ಅವಳ ನಡತೆ ನನಗೆ ಗೊತ್ತು, ಆ ಹುಡುಗನೂ ಕೆಟ್ಟವನಲ್ಲ. ಶಿವಾನಿ ಅಲ್ಲೇ ಓದುತ್ತ ಕೂತಿರುತ್ತಿದ್ದಳು, ಬಾಗಿಲು ತೆರೆದೇ ಇರುತ್ತಿತ್ತು. ನೀನು ಯೋಚಿಸುವಂಥದ್ದು ಏನಾದರೂ ಇದ್ದಿದ್ದರೆ ಜಗಳ ಮಾಡಬಹುದಿತ್ತು, ಹಿರಿಯರನ್ನು ಕರೆಸಬಹುದಿತ್ತು. ನನ್ನ ಹೊಟ್ಟೆಕಿಚ್ಚಿಗೆ ಯಾವ ಪಂಚಾಯಿತಿಯೂ ಇರಲಿಲ್ಲ. ಒಬ್ಬ ಹೆಂಗಸು ಒಳ್ಳೆಯದೊಂದನ್ನು ಮಾಡಿ ಮೊದಲು ಯಾರ ಮುಖ ನೋಡುತ್ತಾಳೆ, ಅದಕ್ಕೆ ನನ್ನ ಹೊಟ್ಟೆ ಉರಿಯುತ್ತಿತ್ತು. ಅವಳು ಅವನ ಮುಖ ನೋಡುತ್ತಿದ್ದಳು.

ಹೋದ ದಸರೆಯ ನಂತರ ಅವಳಿಗೆ ಡೆಂಗಿ ಬಂತು. ಆ ವಿಷಯ ನಿನಗೆ ಆಗಲೇ ಬರೆದಿದ್ದೇನೆ, ಮತ್ತೆ ಬರೆಯಲಾರೆ. ದವಾಖಾನೆಯಿಂದ ನಾವು ಅವಳನ್ನು ತಂದಾಗ ಲ್ಯಾಪ್‌ಟಾಪು ಇಟ್ಟಿಗೆಯ ಮೇಲೆ ಉರಿಯುತ್ತಲೇ ಇತ್ತು. ಬಂದವರು ಅದನ್ನು ಒಂದು ಮೂಲೆಗೆ ಸರಿಸಿ ಮೇಲೆ ಚಾದರ ಹಾಕಿದರು. ಮಣ್ಣು ಮಾಡಿ ಬಂದ ಮರುದಿನ ಕರೆಂಟು ಹೋಯಿತು. ಯಾರೂ ನೋಡಲಿಲ್ಲ.

ಈಗ ಹೋದ ವಾರಕ್ಕೆ ಬರುತ್ತೇನೆ. ನಮ್ಮ ವಸ್ತಿಯಲ್ಲಿ ಬಾಬಾಸಾಹೇಬರ ಜಯಂತಿಯ ಮೆರವಣಿಗೆಯನ್ನು ಜೈಭೀಮ ಎಂಬ ಹುಡುಗ ನೋಡಿಕೊಳ್ಳುತ್ತಾನೆ. ಹುಡುಗ ಎಂದರೆ ಅವನಿಗೂ ಎರಡು ಮಕ್ಕಳು. ಅವನು ಬಂದು ಹೊಸ್ತಿಲ ಮೇಲೆ ಕುಳಿತ.

“ಕಾಕಾ, ಕಾಕೂ ಈ ಸಲ ಜಯಂತಿಗಿ ಒಂದು ಹಾಡ ಮಾಡಿಕೊಡ್ತೀನಿ ಅಂದಿದ್ಲು. ಬಾಬಾಸಾಹೇಬರ ಮ್ಯಾಲ.”

“ಅದು ಹೋತಪ್ಪ. ಕರೆಂಟ ಹೋದಾಗ ಹೋತು.”

“ಹೋಗಿಲ್ಲ,” ಎಂದು ಶಿವಾನಿ ಒಳಗಿನಿಂದ ಅಂದಳು. “ಸೇವ್ ಅದ. ತೆರೀಲಾಕ ಬರೂದಿಲ್ಲ, ಅಷ್ಟ. ಶ್ರೀನಾಥಣ್ಣನ ಹಂತ್ಯಾಕ ಹೋದ್ರ ತೆರೀತದ.”

ಶ್ರೀನಾಥಣ್ಣ. ನನ್ನ ಮಗಳ ಬಾಯಲ್ಲಿ ಅವನು ಯಾವಾಗ ಅಣ್ಣನಾದನೋ ತಿಳಿಯದು.

ವಿಚಾರ ಮಾಡಿ ಹೇಳುತ್ತೇನೆಂದು ಆ ದಿನ ಜೈಭೀಮನನ್ನು ಕಳಿಸಿದೆ. ಜೈಭೀಮ ದಿನ ಬಿಟ್ಟು ದಿನ ಬಂದ. ಬಂದಾಗಲೆಲ್ಲ, “ಕಾಕಾ, ವಿಚಾರ ಮಾಡಿದ್ಯಾ?” ಎಂದು ಕೇಳಿ ಒಂದು ಚಹಾ ಕುಡಿದು ಹೋದ. ಶಿವಾನಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಟ್ಟಳು. ನನಗಿದ್ದ ತೊಡಕು ಇಷ್ಟೇ. ಅವಳು ಕಡೆಯದಾಗಿ ಮಾಡಿದ್ದು ಆ ಹಾಡು. ಅದನ್ನು ಅವಳು ಒಬ್ಬಳೇ ಮಾಡಿದ್ದಳು, ಮುಗಿಸಿದ ಮೇಲೆ ತೋರಿಸುತ್ತೇನೆಂದು ಅವನಿಗೂ ಕೊಟ್ಟಿರಲಿಲ್ಲ. ಟ್ರಂಕಿನೊಳಗೇ ಇದ್ದರೆ ಅದು ನನ್ನ ಮನೆಯಲ್ಲಿದೆ. ತೆರೆಸಿದರೆ ಅದನ್ನು ಮೊದಲು ಕೇಳುವವನು ಮತ್ತೆ ಅವನೇ.

ನಿನ್ನೆ ಶಿವಾನಿ ಒಂದೇ ಮಾತು ಹೇಳಿದಳು. “ಅಪ್ಪಾ, ಅವ್ವ ಅದನ್ನ ಮೆರವಣಿಗಿಗಿ ಮಾಡಿದ್ಲು. ಮನ್ಯಾಗ ಇಡ್ಲಾಕ ಅಲ್ಲ.” ಇವತ್ತು ಮಧ್ಯಾಹ್ನ ಲ್ಯಾಪ್‌ಟಾಪನ್ನು ಅದೇ ಚಾದರದಲ್ಲಿ ಸುತ್ತಿಕೊಂಡು ಹೊರಟೆವು.

ಅವನ ಮನೆ ನಾಲ್ಕನೇ ಮಾಳಿಗೆಯಲ್ಲಿ. ಒಬ್ಬನೇ ಇರುತ್ತಾನೆ. ಬಾಗಿಲು ತೆರೆದು ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

“ಬನ್ನಿ ಅಣ್ಣ, ಒಳಗ್ ಬನ್ನಿ. ನಾನೇ ಬರ್ಬೇಕು ಅನ್ಕೊಂಡಿದ್ದೆ. ಎಷ್ಟೋ ಸಲ ನಿಮ್ ಓಣಿ ತನಕ ಬಂದು ವಾಪಸ್ ಹೋಗಿದೀನಿ. ನಿಮ್ಗೆ ಇಷ್ಟ ಆಗುತ್ತೋ ಇಲ್ವೋ ಅಂತ.”

“ಇಷ್ಟ ಆಗ್ತಿದ್ದಿಲ್ಲ,” ಎಂದೆ.

ಅವನು ತಲೆಯಾಡಿಸಿ ಚಹಾ ಮಾಡಲು ಹೋದ. ಶಿವಾನಿ ನನ್ನನ್ನು ನೋಡಿದ ರೀತಿ ಅವಳ ತಾಯಿಯದೇ.

ಅವನ ಮೇಜಿನ ಮೇಲೆ ಎರಡು ಸ್ಪೀಕರ್, ಮುಂದೆ ಎರಡು ಕುರ್ಚಿ. ನಮ್ಮ ಲ್ಯಾಪ್‌ಟಾಪಿಗೆ ವೈಯರು ಚುಚ್ಚಿ, ಹಾಡಿನ ಜೊತೆ ಅದರ ಎಲ್ಲ ಸದ್ದುಗಳನ್ನೂ ತನ್ನದಕ್ಕೆ ಇಳಿಸಿಕೊಂಡ. ಸದ್ದುಗಳನ್ನು ಬಿಟ್ಟು ಹಾಡೊಂದನ್ನೇ ತಂದರೆ ಬರಿಯ ಖಾಲಿ ಸಾಲುಗಳು ಬರುತ್ತವೆಯಂತೆ, ಮೊದಮೊದಲು ಇಬ್ಬರೂ ಹಾಗೆ ಮಾಡಿ ಪೇಚಾಡಿದ್ದರಂತೆ. ಅದನ್ನು ಹೇಳುವಾಗ ನಕ್ಕ, ಆಮೇಲೆ ನಗು ತಪ್ಪಾಯಿತೇನೋ ಎಂದು ನಿಲ್ಲಿಸಿದ. ಪರದೆಯ ಮೇಲೆ ಬಣ್ಣದ ಪಟ್ಟಿಗಳು ತೆರೆದುಕೊಂಡವು. ನಿಜವಾಗಿ ಕೌದಿಯ ತುಂಡುಗಳ ಹಾಗೆಯೇ.

“ನೋಡಿ ಅಣ್ಣ, ದೊಡ್ಡ ಪೆಟ್ಟು ಹಸಿರು. ಶಿವಕಾಂತಾ ಅವ್ರು ಅದಕ್ಕೆ ಯಾವಾಗ್ಲೂ ಹಸಿರೇ ಹಾಕೋರು. ಬೇಸ್ ಅಂದ್ರೆ ದಪ್ಪ ಸದ್ದು, ಅದು ಎಲ್ಲಾ ಆದ್ಮೇಲೆ. ನಾನು ಉಲ್ಟಾ, ಮೊದ್ಲೇ ಬೇಸ್ ಹಾಕಿ ಹಾಳ್ ಮಾಡ್ಕೋತಿದ್ದೆ. ಶಿವಕಾಂತಾ ಅವ್ರು ಬೈಯೋರು.”

ಅವಳ ಯಾವ ಮೊಣಕಾಲು ನೋಯುತ್ತಿತ್ತು, ಚಹಾಕ್ಕೆ ಎಷ್ಟು ಸಕ್ಕರೆ, ನಿದ್ದೆಯಲ್ಲಿ ಯಾವ ಮಗ್ಗಲಿಗೆ ತಿರುಗುತ್ತಿದ್ದಳು, ಎಲ್ಲ ನನಗೆ ಗೊತ್ತು. ಹಸಿರು ಗೊತ್ತಿರಲಿಲ್ಲ. ಬೈಯುತ್ತಿದ್ದಳು ಎಂಬುದೂ ಗೊತ್ತಿರಲಿಲ್ಲ. ನನ್ನನ್ನು ಅವಳು ಬೈದದ್ದೇ ಇಲ್ಲ.

ಆಮೇಲೆ ಹಾಡು ಹಾಕಿದ. ನೀನು ಅಲ್ಲಿದ್ದರೆ ನಿನಗೂ ತಿಳಿಯುತ್ತಿತ್ತು ಹುಲಿಗೆಪ್ಪಾ, ಅದು ನೆಲದಿಂದ ಅಂಗಾಲಿಗೆ ಬಂತು. ಮೊದಲು ದೂರದಲ್ಲಿ ಗಾಳಿ ಎದ್ದ ಹಾಗೆ. ಅದರೊಳಗೆ ಹಲಗಿಯ ಬಡಿತ. ಗಾಳಿ ಏರುತ್ತ ಹೋಯಿತು, ಹಲಗಿ ದಟ್ಟವಾಗುತ್ತ ಹೋಯಿತು, ಇನ್ನು ತಡೆಯದು ಎನ್ನುವಾಗ ಎಲ್ಲವೂ ನಿಂತಿತು. ಜಾತ್ರೆಯಲ್ಲಿ ಅಲ್ಲ, ಹೆಣದ ಮುಂದೆಯೂ ಅಲ್ಲ, ನಾವು ಬಯಲಲ್ಲಿ ಸುಮ್ಮನೆ ಖುಷಿಗೆ ಬಾರಿಸುವಾಗ ನೀನು ಕೋಲು ಎತ್ತಿ ಹಾಗೇ ಹಿಡಿಯುತ್ತಿದ್ದೆಯಲ್ಲ, ನಾವೆಲ್ಲ ನಿನ್ನ ಕೈ ನೋಡುತ್ತ ಉಸಿರು ಬಿಗಿಹಿಡಿಯುತ್ತಿದ್ದೆವಲ್ಲ, ಹಾಗೆ. ಆ ನಿಂತ ಜಾಗದಲ್ಲಿ ಒಂದು ಗಂಡುದನಿ, “ಶಿವಕಾಂತಾ” ಎಂದಿತು. ಹೆಸರು ಬೆಟ್ಟಕ್ಕೆ ಹೊಡೆದು ಬಂದ ಹಾಗೆ ಎರಡು ಸಲ ಮರಳಿತು. ಅದರ ಬೆನ್ನಿಗೆ ದೊಡ್ಡ ಪೆಟ್ಟು ಇಳಿಯಿತು. ನನ್ನ ಕಪ್ಪಿನ ಚಹಾ ನಡುಗಿತು.

ದನಿ ಶ್ರೀನಾಥನದು.

ಈ ಹಾಡು ಮಾಡುವವರಲ್ಲಿ ಅದೊಂದು ರೂಢಿ. ಹಾಡು ಯಾರದೆಂದು ತಿಳಿಯಲಿ ಎಂದು ಮಾಡಿದವರ ಹೆಸರನ್ನು ಯಾರಾದರೂ ಕೂಗಿ ಅದರೊಳಗೇ ಕೂಡಿಸುತ್ತಾರೆ. ಅವಳ ಎಲ್ಲ ಹಾಡಿಗೂ ಇದೇ ದನಿ ಎಂದು ಆಮೇಲೆ ತಿಳಿಯಿತು.

ಮೂರು ನಿಮಿಷ ಕಳೆಯುವ ಮೊದಲೇ ಹಾಡು ಇದ್ದಕ್ಕಿದ್ದಂತೆ ನಿಂತಿತು. ಅಲ್ಲಿಯವರೆಗೆ ಮಾಡಿದ್ದಳು.

ನನ್ನ ಬಾಯಿಂದ ಮೊದಲು ಬಂದದ್ದು, “ಆ ಹಲಗಿ ಯಾರ ಬಾರಿಸ್ಯಾರ?” ಎಂದು.

“ಅದು ನೆಟ್‌ನಲ್ಲಿ ಸಿಗುತ್ತೆ ಅಣ್ಣ, ಫ್ರೀ. ನಿಮ್ಮನ್ನ ಕೇಳೋಣ ಅಂದಿದ್ದೆ ನಾನು. ಬೇಡ, ಗೆಳೆಯಂದು ಕಿವಿ ಹೋದಾಗಿಂದ ಅವ್ರು ಮುಟ್ಟಿಲ್ಲ, ಅದನ್ನ ಕೇಳ್ಬಾರ್ದು ಅಂದ್ರು.”

ನನ್ನ ಹಲಗಿ ಮನೆಯಲ್ಲಿ ಅವಳ ತಲೆಯ ಮೇಲೆ ಮೊಳೆಗೆ ನೇತಾಡುತ್ತಿತ್ತು. ಅವಳು ಅದರ ಕೆಳಗೆ ಕುಳಿತು ಬೇರೆ ಯಾರೋ ಬಾರಿಸಿದ್ದನ್ನು ಹುಡುಕಿ ತಂದಳು. ನನ್ನ ಮನಸ್ಸಿಗೆ ನೋವಾಗಬಾರದೆಂದು. ನಿದ್ದೆ ಕೆಡಬಾರದು, ಮನಸ್ಸು ನೋಯಬಾರದು. ಎಷ್ಟು ಜೋಪಾನ ಮಾಡಿದಳು ನೋಡು ನನ್ನನ್ನು, ಕೊನೆಗೆ ನನಗೆ ಏನನ್ನೂ ಉಳಿಸಲಿಲ್ಲ.

“ಮುಗಿಸ್ಬೇಕಾ ಅಣ್ಣ?” ಎಂದು ಶ್ರೀನಾಥ್ ಕೇಳಿದ. “ಇನ್ನೊಂದ್ ನಿಮಿಷ ಸಾಕು.”

“ಮುಗಸಬ್ಯಾಡ್ರಿ. ಎಲ್ಲಿ ನಿಂತದೋ ಅಲ್ಲೇ ನಿಲ್ಲಲಿ.”

“ಸರಿ. ಮೆರವಣಿಗೆಯ ಡಿಜೆ ಗಾಡಿಯವ್ರು ಹೆಂಗಿದ್ರೂ ಅಲ್ಲಿಂದ ಮುಂದಿನ್ ಹಾಡು ಸೇರಿಸ್ತಾರೆ. ಗೊತ್ತಾಗಲ್ಲ.”

“ಮತ್ತ ಆ ದನಿ ತೆಗೀರಿ.”

ಅವನಿಗೆ ಅರ್ಥವಾಯಿತು. “ತೆಗಿಬಹುದು ಅಣ್ಣ. ಆದ್ರೆ ಹೆಸ್ರಿಲ್ದೆ ಗಾಡಿಗೆ ಕೊಟ್ರೆ ಎರಡ್ ದಿನಕ್ಕೆ ಯಾರೋ ಎತ್ಕೊಂಡು ತಮ್ ಹೆಸ್ರು ಹಾಕ್ಕೋತಾರೆ. ಈ ಲೈನೇ ಹಂಗೆ.”

“ನಾ ಹೇಳ್ತೀನಿ ಹೆಸರು.”

ಶಿವಾನಿ ನನ್ನ ಕಡೆ ತಿರುಗಿದಳು. ಅವಳಿಗೂ ಗೊತ್ತು, ನಿನಗೂ ಗೊತ್ತು. ನಮ್ಮ ಮನೆಗಳಲ್ಲಿ ಯಾರು ಹೆಂಡತಿಯ ಹೆಸರು ಹಿಡಿದು ಕರೆಯುತ್ತಾರೆ? ನನ್ನ ತಾಯಿ ಇರುವವರೆಗೆ ಅವರ ಮುಂದೆ ಕರೆಯುವ ಹಾಗಿರಲಿಲ್ಲ. ತಾಯಿ ಹೋದ ಮೇಲೆ ಶಿವಾನಿ ಹುಟ್ಟಿದಳು, ‘ಶಿವಾನಿ ಅವ್ವ’ ಎಂದಾಯಿತು. ಬೇಡವೆಂದು ಯಾರೂ ಹೇಳಿರಲಿಲ್ಲ, ಬಾಯಿಗೆ ರೂಢಿ ಇರಲಿಲ್ಲ.

ಅವನು ಮೈಕು ನನ್ನ ಮುಂದೆ ಇಟ್ಟ. ಮೊದಲ ಸಲ ಗಂಟಲಿನಿಂದ ಬರೀ ಗಾಳಿ ಬಂತು. ಎರಡನೇ ಸಲ ಹೆಸರು ಬಂತು, ಆದರೆ ಹಿಂದಿನಿಂದ ಶಿವಾನಿ, “ಅಪ್ಪಾ, ರೇಷನ್ ಅಂಗಡ್ಯಾಗ ಕಾರ್ಡ್ ಕರದಾಂಗ ಆತು,” ಎಂದಳು. ಮೂವರೂ ನಕ್ಕೆವು. ಇನ್ನೊಮ್ಮೆ ಹೇಳಿ ಎಂದು ಅವನು, ಸ್ವಲ್ಪ ದೂರ ಕೂಡು ಎಂದು ಇವಳು. ಎಷ್ಟು ಸಲ ಹೇಳಿದೆನೋ. ಕೊನೆಗೆ ಒಂದು ಸರಿಯಾಗಿ ಬಂತು. “ಇದು ಚೆನ್ನಾಗಿದೆ ಅಣ್ಣ,” ಎಂದು ಅದನ್ನು ಅವನ ದನಿ ಇದ್ದ ಜಾಗಕ್ಕೆ ಕೂಡಿಸಿ ಹಾಕಿದ.

ಗಾಳಿ ಏರಿತು, ಹಲಗಿ ಏರಿತು, ನಿಂತಿತು. ನಿಂತ ಜಾಗದಲ್ಲಿ ಯಾರೋ ಮುದುಕ ಕತ್ತಲಲ್ಲಿ ಗೋಡೆ ಹಿಡಿದುಕೊಂಡು ಅವಳನ್ನು ಹುಡುಕಿದ ಹಾಗೆ ನನ್ನ ದನಿ ಬಂತು. ಪೆಟ್ಟು ಇಳಿಯಿತು, ಆದರೆ ಅದು ಕುಣಿಯುವ ಪೆಟ್ಟಾಗಿರಲಿಲ್ಲ. ಆ ಹೆಸರು ಕೇಳಿದ ಮೇಲೆ ಯಾರ ಕಾಲೂ ಏಳುವ ಹಾಗಿರಲಿಲ್ಲ.

ಶಿವಾನಿ ಕಿಟಕಿಯ ಕಡೆಗೆ ಹೋದಳು.

“ನೀ ಹೇಳ್ತಿಯೇನವ್ವ?” ಎಂದು ಅವಳನ್ನು ಕೇಳಿದೆ.

“ನಾ ಕರದ್ರ ಅವ್ವ ಅಂತನ ಕರೀತೀನಪ್ಪ. ಹೆಸರು ನನಗೂ ಬರೂದಿಲ್ಲ.”

ಅವನ ದನಿಯನ್ನು ಇನ್ನೊಮ್ಮೆ ಕೇಳಿಸಲು ಹೇಳಿದೆ. ಅವನು ಬೇಡ ಅಣ್ಣ ಎಂದ, ನಾನು ಬಿಡಲಿಲ್ಲ. ಈ ಸಲ ಕಣ್ಣು ಮುಚ್ಚಿ ಕೇಳಿದೆ. ಅದರಲ್ಲಿ ಸಂತೋಷವಿತ್ತು ಹುಲಿಗೆಪ್ಪಾ. ಅವಳು ಎದುರಿಗೆ ಕುಳಿತು ಹೀಗಲ್ಲ ಹಾಗೆ ಎಂದು ನಗುತ್ತಿರುವಾಗ ಕರೆದ ಕರೆ ಅದು. ಕರೆದರೆ ಅವಳು ಓ ಎನ್ನುತ್ತಾಳೆ ಎಂದು ಗೊತ್ತಿದ್ದವನ ದನಿ. ಅಂಥ ದನಿಯಲ್ಲಿ ಅವಳ ಹೆಸರು ಈ ಭೂಮಿಯ ಮೇಲೆ ಉಳಿದಿರುವುದು ಅದೊಂದೇ, ಅದು ನನ್ನದಲ್ಲ.

“ನಿಮ್ಮದೇ ಹಾಕ್ರಿ,” ಎಂದೆ.

ಅವನು ಹಾಕಿದ. ಅಲ್ಲಿಂದಲೇ ಫೋನಿನಲ್ಲಿ ಜೈಭೀಮನಿಗೆ ಕಳಿಸಿದ. ಕೂಡಲೇ ಜೈಭೀಮನ ಉತ್ತರ ಬಂತು, ಶಿವಾನಿ ಓದಿ ಹೇಳಿದಳು: “ಒಂದ ನಂಬರ ಆಗ್ಯಾದ ಅಂತ.” ಚಹಾ ತಣ್ಣಗಾಗಿತ್ತು, ಕುಡಿದೆ. ನನ್ನ ದನಿಯದನ್ನು ಏನು ಮಾಡಲಿ ಎಂದು ಅವನು ಕೇಳಿದ. ಅಳಿಸಿರಿ ಎಂದೆ. ಅಳಿಸಿದನೋ ಇಲ್ಲವೋ ನೋಡಲಿಲ್ಲ.

ನೀನು ದೊಡ್ಡ ಮನಸ್ಸು ಮಾಡಿದೆ ಎಂದು ಬರೆಯಬೇಡ. ನನ್ನ ಹೊಟ್ಟೆಯೊಳಗಿನ ಉರಿ ಹಾಗೇ ಇದೆ, ನಡೆದು ಬರುವಾಗ ಇನ್ನೂ ಹೆಚ್ಚಾಯಿತು. ಅವನು ಒಳ್ಳೆಯವನಾಗಿರುವುದು ಅದಕ್ಕೆ ಎಣ್ಣೆ ಹಾಕಿದ ಹಾಗೆ.

ಬೇರೆ ಸುದ್ದಿ ಏನೂ ಇಲ್ಲ. ಶಿವಾನಿಗೆ ಮೇ ತಿಂಗಳಲ್ಲಿ ಪರೀಕ್ಷೆ. ಬಿಸಿಲು ಬಹಳ, ಪ್ರೆಸ್ ಮಷಿನ್ನಿನ ಹತ್ತಿರ ನಿಲ್ಲಲು ಆಗುವುದಿಲ್ಲ. ನಿನ್ನ ಕಿವಿಯ ಮಷಿನ್ ಮಾರಿಬಿಡಬೇಡ, ಕೊಟ್ಟವರ ಹತ್ತಿರ ಹೋಗಿ ಸರಿಮಾಡಿಸಿಕೋ. ಮಳೆ ಹಿಡಿದ ಮೇಲೆ ಒಂದು ವಾರ ಇಲ್ಲಿಗೆ ಬಾ, ಮಾತಾಡದೆ ಇಬ್ಬರೂ ಕೂರೋಣ. ನಿನ್ನ ಮೊಮ್ಮಗಳು ಹೆಜ್ಜೆ ಇಡುತ್ತಾಳೆಂದು ಬರೆದಿದ್ದೆ. ಅವಳ ಕಾಲಿಗೆ ಮುಳ್ಳು ತಾಗದಿರಲಿ, ನಿನ್ನ ಮನೆಯವರೆಲ್ಲ ನೆರಳಲ್ಲಿ ಬಾಳಲಿ.

ನಿನ್ನ
ಅವ್ವಣ್ಣ

ತಾ.ಕ. ಬರೆಯಬಾರದೆಂದು ಮಡಿಚಿದ್ದೆ, ಮತ್ತೆ ತೆರೆದೆ. ಹೊರಡುವಾಗ ಶ್ರೀನಾಥ್ ಲಿಫ್ಟಿನವರೆಗೆ ಬಂದ. ಶಿವಾನಿ ಮುಂದೆ ಹೋಗಿದ್ದಳು. ನಾನು ಕೇಳಿಯೇಬಿಟ್ಟೆ, “ನಿಮಗಿಂತ ಹಿರೇಕಿ ಆಕಿ. ಅಕ್ಕ ಅನ್ನಬೇಕಿತ್ತು. ಹೆಸರ ಹಿಡದು ಯಾಕ ಕರೀತಿದ್ರಿ?”

“ಅಕ್ಕ ಅಂತಾನೇ ಶುರು ಮಾಡಿದ್ದೆ ಅಣ್ಣ,” ಎಂದ. “ಬೇಡ ಅಂದ್ರು. ಕಂಪ್ನೀಲಿ ಎಲ್ರೂ ಮೌಶಿ ಅಂತಾರೆ, ಓಣೀಲಿ ಶಿವಾನಿ ಅವ್ವ, ನೀನಾದ್ರೂ ಹೆಸ್ರು ಹಿಡಿ ಅಂದ್ರು. ಯಾವ್ದೋ ಮದ್ವೆ ಮೆರವಣಿಗೇಲಿ ಹಾಡ್ ಮಾಡಿದ್ ಹುಡುಗನ್ ಹೆಸ್ರನ್ನ ಹಾಡಲ್ಲೇ ಊರಿಗೆಲ್ಲ ಕೇಳೋ ಹಂಗೆ ಕೂಗಿದ್ರಂತೆ. ತಮ್ದೂ ಒಂದ್ಸಲ ಹಂಗೆ ಕೇಳ್ಬೇಕು ಅಂತಾನೇ ಅವ್ರು ಇದನ್ನ ಕಲಿತಿದ್ದು. ನಿಮ್ಗೆ ಗೊತ್ತಿದೆ ಅನ್ಕೊಂಡಿದ್ದೆ.”

ಗೊತ್ತಿರಲಿಲ್ಲ. ನನ್ನನ್ನು ಕೇಳಿದ್ದರೆ ಕರೆಯುತ್ತಿದ್ದೆನೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ. ಆದರೆ ಅವಳು ಕೇಳಿದ್ದು ಅವನನ್ನು.

ನಾಳೆ ಸಂಜೆ ಐದಕ್ಕೆ ಮೆರವಣಿಗೆ ಹೊರಡುತ್ತದೆ. ಗಾಡಿ ನಮ್ಮ ಓಣಿಯಿಂದಲೇ ಹಾಯುತ್ತದೆ.